ಅಂಗೈಯಗಲದ ಗಾಜು

ನನ್ನ ಹುದ್ದೆಯ ಹೆಸರು ಸಹಾಯಕ ಕಲ್ಯಾಣಾಧಿಕಾರಿ. ಗುರುತಿನ ಚೀಟಿಯಲ್ಲಿ ಅದಕ್ಕೇ ಎರಡು ಸಾಲು ಹೋಗಿ, ನನ್ನ ಹೆಸರಿಗೆ ಉಳಿದಿರುವುದು ಅರ್ಧ ಸಾಲು. ಕೆಲಸ ಮಾತ್ರ ಅಷ್ಟು ಉದ್ದದ್ದಲ್ಲ. ಅಂಗಿ ಹೊಲಿಯುವ ಈ ಕಾರ್ಖಾನೆಯಲ್ಲಿ ಕುಡಿಯುವ ನೀರಿನ ಕ್ಯಾನು ಖಾಲಿಯಾದರೆ ಬದಲಾಯಿಸಬೇಕು, ಪ್ರಥಮ ಚಿಕಿತ್ಸೆಯ ಡಬ್ಬದಲ್ಲಿ ಬ್ಯಾಂಡೇಜು ಇದೆಯೇ ನೋಡಬೇಕು, ನಲ್ಲಿ ಸೋರಿದರೆ ಪ್ಲಂಬರಿನ ಬೆನ್ನು ಹತ್ತಬೇಕು. ಇಷ್ಟಕ್ಕೆ ಒಂದು ಡಿಗ್ರಿ ಓದಿದ್ದೇನೆ. ಕೂರಲು ಕುರ್ಚಿ ಕೊಟ್ಟಿದ್ದಾರೆ; ಎರಡು ವರ್ಷವಾದರೂ ಅದರ ಪ್ಲಾಸ್ಟಿಕ್ ಹೊದಿಕೆ ಹರಿದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ನನ್ನಮ್ಮ ಬೈಯುತ್ತಿದ್ದಳು. ಇಲ್ಲಿ ಅದೊಂದೇ ಅರ್ಹತೆ ಉಪಯೋಗಕ್ಕೆ ಬಂದಿರುವುದು.

ಆದರೆ ನಾನು ಹೇಳಹೊರಟಿದ್ದು ದೊಡ್ಡಮ್ಮನ ವಿಷಯ.

ನಾನೂರು ಮೆಷಿನ್ನುಗಳು ಒಟ್ಟಿಗೆ ಗುಂಯ್‌ಗುಟ್ಟುವ ಹಾಲಿನ ಒಂದು ಬದಿಗೆ ಗಾಜಿನ ಗೋಡೆಯ ಕೋಣೆಯೊಂದಿದೆ. ಬಾಗಿಲ ಮೇಲೆ ‘ಶಿಶುಪಾಲನಾ ಕೊಠಡಿ’ ಎಂದಿದೆ, ಎಲ್ಲರೂ ಮಕ್ಕಳ ರೂಮು ಎನ್ನುತ್ತಾರೆ. ಹೊಲಿಯುವ ಹೆಂಗಸರ ಹದಿನೆಂಟು ಮಕ್ಕಳು ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅಲ್ಲಿರುತ್ತವೆ. ಅವನ್ನು ನೋಡಿಕೊಳ್ಳುವಾಕೆ ದೊಡ್ಡಮ್ಮ. ಮಕ್ಕಳಿಗೂ ದೊಡ್ಡಮ್ಮ, ಮಕ್ಕಳ ತಾಯಂದಿರಿಗೂ ದೊಡ್ಡಮ್ಮ, ಗೇಟಿನ ಕಾವಲುಗಾರನಿಗೂ ದೊಡ್ಡಮ್ಮ. ಹದಿನೇಳನೇ ವಯಸ್ಸಿಗೆ ನೂಲು ಕತ್ತರಿಸಲು ಸೇರಿ, ಇಪ್ಪತ್ತೆರಡು ವರ್ಷ ಕಾಲರು ಹೊಲಿದು, ಒಮ್ಮೆ ಸೂಜಿ ತೋರುಬೆರಳಿನಲ್ಲಿ ಈ ಕಡೆ ಹೊಕ್ಕು ಆ ಕಡೆ ಬಂದು, ಕಡೆಗೆ ಕಣ್ಣು ಮಸುಕಾದ ಮೇಲೆ ಮಕ್ಕಳ ರೂಮಿಗೆ ಬಂದವಳು. ಅದಾಗಿ ಒಂಬತ್ತು ವರ್ಷ.

ಅವಳ ದಿನ ಶುರುವಾಗುವುದು ಅಯಸ್ಕಾಂತದಿಂದ. ಮಕ್ಕಳು ಬರುವ ಮೊದಲು, ದಾರಕ್ಕೆ ಕಟ್ಟಿದ ಗೇಣುದ್ದದ ಅಯಸ್ಕಾಂತವನ್ನು ನಾಯಿಮರಿಯಂತೆ ನೆಲದುದ್ದಕ್ಕೂ ಎಳೆದಾಡುತ್ತಾಳೆ. ತಾಯಂದಿರ ಸೆರಗಿನಲ್ಲಿ, ದುಪಟ್ಟಾದಲ್ಲಿ ಸಿಕ್ಕಿಕೊಂಡು ಬಂದ ಸೂಜಿ, ಗುಂಡುಪಿನ್ನುಗಳು ದಿನಕ್ಕೆ ನಾಲ್ಕೈದಾದರೂ ಸಿಗುತ್ತವೆ. ಆಮೇಲೆ ದಿನವಿಡೀ ಹತ್ತು ನಿಮಿಷಕ್ಕೊಮ್ಮೆ ಮಕ್ಕಳ ತಲೆ ಎಣಿಸುತ್ತಾಳೆ. ಮಾತಾಡುತ್ತಿದ್ದರೂ ಆ ಸೂಜಿ ಚುಚ್ಚಿದ ಬೆರಳು ಗಾಳಿಯಲ್ಲಿ ಕುಣಿಯುತ್ತಿರುತ್ತದೆ. ಹದಿನೇಳು ಬಂದರೆ ಮುಖ ಬಿಳಿಚಿಕೊಳ್ಳುತ್ತದೆ, ಯಾವುದೋ ಒಂದು ಮೇಜಿನ ಕೆಳಗಿನಿಂದ ಹೊರಬಂದ ಮೇಲೆಯೇ ಉಸಿರು. ಹಾಗೆಂದು ದೇವತೆಯೇನಲ್ಲ. ಮಕ್ಕಳ ಜೊತೆ ಆಟದಲ್ಲಿ ರಾಜಾರೋಷವಾಗಿ ಮೋಸ ಮಾಡುತ್ತಾಳೆ. ಮಧ್ಯಾಹ್ನ ಎರಡರಿಂದ ಎರಡೂವರೆವರೆಗೆ ಅವಳನ್ನು ಮಾತಾಡಿಸಿದವರು ಉದ್ಧಾರವಾಗಿಲ್ಲ.

ಕಳೆದ ವರ್ಷ ನನ್ನನ್ನು ಅರ್ಧ ದಿನದ ತರಬೇತಿಗೆ ಕಳಿಸಿದ್ದರು. ಎಳೆಯ ಮಕ್ಕಳಲ್ಲಿ ಪುಟಿದೇಳುವ ಸಾಮರ್ಥ್ಯ ಹೇಗೆ ಬೆಳೆಯುತ್ತದೆ, ಸುತ್ತಲಿನ ಪರಿಸರ ಹೇಗಿರಬೇಕು, ‘ರಕ್ಷಣಾತ್ಮಕ ಅಂಶಗಳು’ ಯಾವುವು ಎಂದು ಪರದೆಯ ಮೇಲೆ ತೋರಿಸಿದರು. ಕೊನೆಯಲ್ಲಿ ನಲವತ್ತು ಪ್ರಶ್ನೆಯ ಫಾರಮ್ಮು ಕೊಟ್ಟು, ತುಂಬಿ ಮೇಲಿನವರಿಗೆ ಒಪ್ಪಿಸಿ ಎಂದರು. ಮಕ್ಕಳ ಮನಸ್ಸಿನ ಮರ್ಮವೆಲ್ಲ ತಿಳಿದವನಂತೆ ಕ್ಲಿಪ್‌ಬೋರ್ಡು ಹಿಡಿದು ಮಕ್ಕಳ ರೂಮಿಗೆ ಹೋದೆ.

“ದೊಡ್ಡಮ್ಮ, ಇಲ್ಲಿನ ಪರಿಸರ ಮಗುವಿಗೆ ಉತ್ತೇಜನಕಾರಿಯಾಗಿದೆಯೇ?”

“ಹಾಗಂದ್ರೆ?”

“ಅಂದ್ರೆ... ಆಟದ ಸಾಮಾನು ಗೀಮಾನು ಇದೆಯಾ ಅಂತ.”

“ಖಾಲಿ ನೂಲಿನ ಕೋನು ಮುನ್ನೂರಿಪ್ಪತ್ತಿದೆ. ಬರ್ಕೋ.”

“ಮಗುವಿಗೆ ನಂಬಿಕಸ್ಥ ವಯಸ್ಕರೊಬ್ಬರ ಜೊತೆ ಸ್ಥಿರವಾದ ಸಂಬಂಧ ಇದೆಯೇ?”

“ಮೊದ್ಲು ನೀನು ಪಕ್ಕಕ್ಕೆ ಸರಿ. ಅವಳಿಗೆ ಅಡ್ಡ ನಿಂತಿದೀಯಾ.”

ತಿರುಗಿ ನೋಡಿದರೆ ನನ್ನ ಮೊಣಕಾಲಿನ ಹಿಂದೆ ಮೂರು ವರ್ಷದ ಹುಡುಗಿಯೊಂದು ಗಾಜಿಗೆ ಹಣೆ ಒತ್ತಿಕೊಂಡು ನಿಂತಿತ್ತು. ಕೈ ಹಿಂದಕ್ಕೆ ಕಟ್ಟಿಕೊಂಡು, ಹುಬ್ಬು ಗಂಟಿಕ್ಕಿಕೊಂಡು. ಅವಳಿಗೆ ಅಲ್ಲಿ ಇನ್‌ಸ್ಪೆಕ್ಟ್ರಮ್ಮ ಎಂದೇ ಹೆಸರು.

ಗಾಜಿನ ಗೋಡೆಗೆ ನೆಲದಿಂದ ಆಳೆತ್ತರದವರೆಗೆ ಬಿಳಿ ಬಣ್ಣ ಬಳಿದಿದ್ದರು. ಮಕ್ಕಳು ಕಂಡರೆ ತಾಯಂದಿರ ಕೈ ನಿಧಾನವಾಗುತ್ತದೆ ಎಂಬುದು ಹಳೆಯ ಆಡಳಿತದ ಲೆಕ್ಕಾಚಾರ. ಆದರೆ ಕೆಳಗೆ, ಎರಡಡಿ ಎತ್ತರದಲ್ಲಿ, ಹೊಲಿಗೆ ಬಿಚ್ಚುವ ಬ್ಲೇಡಿನಿಂದ ಯಾರೋ ಅಂಗೈಯಗಲ ಬಣ್ಣ ಕೆರೆದಿದ್ದರು. ದೊಡ್ಡವರು ಬಗ್ಗಿದರೆ ಮಾತ್ರ ಕಾಣುವಷ್ಟು. ಯಾರೋ ಏನು, ದೊಡ್ಡಮ್ಮನೇ.

“ಇವಳ ಅಮ್ಮ ಮೂರನೇ ಲೈನು, ಏಳನೇ ಮೆಷಿನ್ನು,” ಎಂದಳು. “ಒಂದು ಕಟ್ಟು ಕಾಲರು ಮುಗಿದ ತಕ್ಷಣ ಈ ಕಡೆ ನೋಡಿ ತಲೆ ಮೇಲೆ ಎರಡು ಸಲ ತಟ್ಕೋತಾಳೆ. ಅದನ್ನ ನೋಡಿದ್ರೆ ಇವಳು ಆಟಕ್ಕೆ ಹೋಗ್ತಾಳೆ. ಇಲ್ಲಾಂದ್ರೆ ಇಲ್ಲ.”

ಕಥೆಯ ಉಳಿದ ಭಾಗ ನಾಲ್ಕು ಮಾತಿನಲ್ಲಿ ಹೇಳಿದಳು. ಆ ತಾಯಿಗೆ ಹಿಂದಿನ ವರ್ಷ ಇದ್ದಕ್ಕಿದ್ದಂತೆ ಆಪರೇಷನ್ ಆಗಿತ್ತು. ಮಗು ಮಲಗಿದ್ದಾಗ ಆಸ್ಪತ್ರೆಗೆ ಒಯ್ದರು. ಎದ್ದು ಕೇಳಿದ ಮಗುವಿಗೆ, “ಅಂಗಡಿಗೆ ಹೋಗಿದಾಳೆ, ಈಗ ಬರ್ತಾಳೆ” ಎಂದರು. ಆ ‘ಈಗ’ ನಲವತ್ತು ದಿನವಾಯಿತು. ಅಷ್ಟರಲ್ಲಿ ಮಗು ಮೂರು ಮನೆ ಬದಲಾಯಿಸಿತ್ತು. ಇಲ್ಲಿಗೆ ಬಂದಾಗ ಮಾತಿಲ್ಲ, ಮಧ್ಯಾಹ್ನದ ನಿದ್ದೆಯಿಲ್ಲ, ತುತ್ತು ಬಾಯಲ್ಲೇ ಇಟ್ಟುಕೊಂಡು ಗಂಟೆಗಟ್ಟಲೆ ಬಾಗಿಲು ನೋಡುವುದು.

ದೊಡ್ಡಮ್ಮ ಗೋಡೆಯ ಮೇಲೆ ಟೈಲರ್ ಸೀಮೆಸುಣ್ಣದಿಂದ ಗೀರು ಹಾಕಿದ್ದಳು. ಮೊದಲ ವಾರದ್ದು ಬೆರಳಿನ ಗಿಣ್ಣಿನಷ್ಟು, ಆರನೇ ವಾರದ್ದು ಮೊಳದಷ್ಟು. ಗಾಜು ಬಿಟ್ಟು ಮಗು ಆಟವಾಡಿದ ಹೊತ್ತಿನ ಅಳತೆ ಅದು. “ಮೊದ್ಲು ಕಣ್ಣು ಮಿಟುಕಿಸೋಕೂ ಹೆದರ್ತಿದ್ಲು. ಈಗ ಕೋನು ಜೋಡಿಸ್ತಾಳೆ, ಬೇರೆಯವರದ್ದನ್ನ ಬೀಳಿಸ್ತಾಳೆ. ಸುಧಾರಿಸ್ತಿದಾಳೆ ಬಿಡು.”

ನನಗೆ ಅದನ್ನೆಲ್ಲ ಕೇಳಿ ಮೈ ನವಿರೆದ್ದಿತು. ನವಿರೆದ್ದವನು ಸುಮ್ಮನಿರಬೇಕಿತ್ತು. ಹದಿನೇಳನೇ ಪ್ರಶ್ನೆ ಹೀಗಿತ್ತು: ‘ದಿನದ ಅವಧಿಯಲ್ಲಿ ತಾಯಿ-ಮಗುವಿನ ನಡುವೆ ಸಂಪರ್ಕವಿದೆಯೇ? ವಿವರಿಸಿ.’ ವಿವರಿಸಿ ಎಂದರೆ ನಾನು ಬಿಡುವವನೇ? ದುಂಡಗಿನ ಅಕ್ಷರದಲ್ಲಿ ಬರೆದೆ. ಮೂರನೇ ಲೈನು ಎಂದೆ, ಏಳನೇ ಮೆಷಿನ್ನು ಎಂದೆ, ಅಂಗೈಯಗಲದ ಗಾಜು ಎಂದೆ. ಪ್ರತಿ ಸಲ ನಾಲ್ಕು ಸೆಕೆಂಡು, ದಿನಕ್ಕೆ ಹದಿನಾಲ್ಕು ಸಲ, ಒಟ್ಟು ಒಂದು ನಿಮಿಷವೂ ಆಗುವುದಿಲ್ಲ, ಆದರೆ ಎಂಥ ಪರಿಣಾಮ ನೋಡಿ ಎಂದೆ. ಜಾಗ ಸಾಲದೆ ಅಂಚಿನಲ್ಲೂ ಬರೆದೆ.

ಫಾರಮ್ಮು ಹೋದದ್ದು ಪ್ರೊಡಕ್ಷನ್ ಮ್ಯಾನೇಜರರ ಮೇಜಿಗೆ. ಹಾಲಿನಲ್ಲಿ ಅವರಿಗೆ ಸ್ಟಾಪ್‌ವಾಚ್ ಸಾರ್ ಎಂದು ಹೆಸರು. ಸೀನು ಬಂದರೂ ಎಷ್ಟು ಸೆಕೆಂಡು ಎಂದು ನೋಡಿಕೊಳ್ಳುತ್ತಾರೆ ಎಂಬುದು ಹೆಂಗಸರ ತಮಾಷೆ. ಒಂದು ಮಗುವಿಗೆ ಒಂದು ನಿಮಿಷವಾದರೆ ಹದಿನೆಂಟು ಮಕ್ಕಳಿಗೆ ಹದಿನೆಂಟು ನಿಮಿಷ ಎಂದು ಅವರು ಗುಣಿಸಿದರು. ಮಾರನೆಯ ದಿನ ಮುಂಜಾನೆಯೇ ಪೇಂಟರ್ ಬಂದ.

ನಾನು ನೀರಿನ ಕ್ಯಾನು ಹೊತ್ತು ಒಳಹೋದಾಗ ಬಣ್ಣದ ವಾಸನೆ ಮೂಗಿಗೆ ಅಡರಿತು. ಇನ್‌ಸ್ಪೆಕ್ಟ್ರಮ್ಮ ತನ್ನ ಜಾಗದಲ್ಲಿ ನಿಂತಿದ್ದಳು. ಎದುರಿಗೆ ಬರೀ ಬಿಳುಪು. ಅಳಲಿಲ್ಲ. ಅಂಗೈಯನ್ನು ಗಾಜಿನ ಮೇಲಿಟ್ಟಳು, ತೆಗೆದಳು. ಬಣ್ಣ ಇನ್ನೂ ಹಸಿ, ಅಂಗೈ ಬೆಳ್ಳಗಾಗಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಾಗಿಲಿಗೆ ಮುಖ ಮಾಡಿ ಕುಕ್ಕರುಗಾಲಿನಲ್ಲಿ ಕೂತಳು.

ಕ್ಯಾನು ಇಟ್ಟವನೇ ಸೀದಾ ಮ್ಯಾನೇಜರರ ಕೋಣೆಗೆ ಓಡಿದೆ.

“ಸಾರ್, ಆ ಗಾಜು...”

“ಹಾಂ, ಬನ್ರಿ ಬನ್ರಿ. ಬಹಳ ಉಪಯುಕ್ತ ಮಾಹಿತಿ ಕೊಟ್ರಿ. ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ ನೋಡಿ.”

“ಸಾರ್, ನಾನು ಬರೆದಿದ್ದು ಅದು ಒಳ್ಳೇದು ಅಂತ.”

“ಒಳ್ಳೇದೇ. ಮಕ್ಕಳಿಗೂ ಒಂದು ಶಿಸ್ತು ಬೇಕಲ್ಲ. ಎರಡು ದಿನ ಅಳ್ತವೆ, ಆಮೇಲೆ ತಾವೇ ಗಟ್ಟಿಯಾಗ್ತವೆ. ಹಾಗೇ ಅಲ್ವೇನ್ರಿ ನಾವೆಲ್ಲ ಬೆಳೆದಿದ್ದು?”

ನಾನು ಹಾಗೆ ಬೆಳೆದಿದ್ದೇನೋ ನಿಜ. ಗಟ್ಟಿಯಾಗಿದ್ದರೆ ಆಗ ಬಾಯಿಬಿಟ್ಟು ಏನಾದರೂ ಹೇಳುತ್ತಿದ್ದೆ. ಹಲ್ಲು ಗಿಂಜಿ ಹೊರಗೆ ಬಂದೆ.

ಆ ದಿನ ನನ್ನ ಕಾಲು ನೆಲಕ್ಕೆ ಅಂಟಲಿಲ್ಲ. ಲೈನುಗಳ ನಡುವೆ ಸುಮ್ಮಸುಮ್ಮನೆ ಓಡಾಡಿದೆ. ಏಳನೇ ಮೆಷಿನ್ನಿನಾಕೆ ಕಟ್ಟು ಮುಗಿಸಿ ತಲೆಯೆತ್ತಿದಳು, ಬಿಳಿ ಗಾಜು ನೋಡಿದಳು, ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಕೂದಲು ಸರಿಮಾಡಿಕೊಂಡಳು. ಮುಂದಿನ ಕಟ್ಟಿನಲ್ಲಿ ಆರು ಕಾಲರು ಉಲ್ಟಾ ಹೊಲಿದಳು. ಒಂದು ಗಂಟೆಯ ಊಟದ ಬಿಡುವಿನಲ್ಲಿ ಮಗು ಅವಳ ಕೊರಳಿಗೆ ಹೇಗೆ ಜೋತುಬಿತ್ತೆಂದರೆ, ಬಿಡಿಸಲು ಇಬ್ಬರು ಬೇಕಾಯಿತು. ಬೇರೆ ಮಕ್ಕಳು ಅರ್ಧ ದಿನ ಗೊಣಗಿ ಕೋನಿನಾಟಕ್ಕೆ ಮರಳಿದ್ದವು. ಇವಳ ತಟ್ಟೆ ಮಾತ್ರ ಹಾಗೇ ವಾಪಸು. ಎರಡನೇ ದಿನವೂ ವಾಪಸು. ಮೊಳದುದ್ದದ ಗೀರಿನ ಪಕ್ಕ ದೊಡ್ಡಮ್ಮ ಏನನ್ನೂ ಬರೆಯಲಿಲ್ಲ.

ಮೂರನೇ ದಿನ ತಡೆಯಲಾಗಲಿಲ್ಲ. ಎರಡೂಕಾಲು ಎಂಬ ಪರಿವೆಯೂ ಇಲ್ಲದೆ ಅವಳ ಮುಂದೆ ಹೋಗಿ ನಿಂತೆ.

“ದೊಡ್ಡಮ್ಮ, ಫಾರಮ್ಮಲ್ಲಿ ಬರೆದಿದ್ದು ನಾನೇ.”

“ಗೊತ್ತು. ಪೇಂಟರ್ ತೋರಿಸ್ದ, ಎಲ್ಲಿ ಬಳೀಬೇಕು ಅಂತ ನಿನ್ನ ಹಾಳೇನೇ ಕೊಟ್ಟಿದ್ರಂತೆ. ಅಕ್ಷರ ಚೆನ್ನಾಗಿದೆ.”

“ಬಯ್ರಿ ದೊಡ್ಡಮ್ಮ.”

“ಬೈದ್ರೆ ನಿಂಗೆ ಹಗುರ ಆಗತ್ತೆ. ನಂಗೇನು ಬಂತು?” ಬೆರಳು ಗಾಳಿಯಲ್ಲಿ ಹದಿನೆಂಟರವರೆಗೆ ಕುಣಿದು ನಿಂತಿತು. “ಬೇರೆಯವು ಬೆಳಗ್ಗೆ ಬಿಟ್ಟುಹೋದ ಅಮ್ಮ ಸಂಜೆ ಸಿಗ್ತಾಳೆ ಅಂತ ನಂಬಿರೋ ಮಕ್ಕಳು. ಇವಳಿಗೆ ಒಂದು ಸಲ ಸಿಕ್ಕಿಲ್ಲ ಕಣೋ.”

“ರಾತ್ರಿ ಬಂದು ಮತ್ತೆ ಕೆರೆದುಬಿಡ್ಲಾ?”

“ಕೆರಿ. ನಾಳೆ ಇಡೀ ಗೋಡೇನೇ ಇಟ್ಟಿಗೆ ಮಾಡಿಸ್ತಾರೆ.”

ಕೆಳಗೆ ಬಿದ್ದಿದ್ದ ಎರಡು ಕೋನು ಎತ್ತಿ ಜೋಡಿಸಿದಳು. ಆಮೇಲೆ, ಕೇಳದೆಯೇ, ತನ್ನ ಮಗಳ ವಿಷಯ ತೆಗೆದಳು. ಮಗಳು ಈಗ ಬೇರೆ ಊರಿನಲ್ಲಿ ನರ್ಸು. ಅವಳಿಗೆ ಮೂರು ವರ್ಷವಾಗಿದ್ದಾಗ ಈ ಕಾರ್ಖಾನೆಯಲ್ಲಿ ಮಕ್ಕಳ ರೂಮು ಇರಲಿಲ್ಲ. ಮಗು ಮಲಗಿದ್ದಾಗ ಸದ್ದಿಲ್ಲದೆ ಎದ್ದು, ಹೊರಗಿನಿಂದ ಚಿಲಕ ಹಾಕಿ ಕೆಲಸಕ್ಕೆ ಬರುತ್ತಿದ್ದಳಂತೆ.

“ಅಳೋದು ನೋಡಬಾರ್ದಲ್ಲ ಅಂತ ಕಳ್ಳಿ ಥರ ಬರ್ತಿದ್ದೆ. ಅದೇ ತಪ್ಪು. ಪಕ್ಕದ ಮನೇಲಿ ಇಸ್ತ್ರಿ ಮಾಡೋನ ತಾಯಿ ಇದ್ಲು, ಮುದುಕಿ, ನಡೆಯೋಕಾಗ್ತಿರ್ಲಿಲ್ಲ. ಕೂತಲ್ಲಿಂದ್ಲೇ ಗೋಡೆ ತಟ್ಟೋಳು. ‘ಒಂದು ಅಂಗಿ ಆಯ್ತು ಕೂಸೇ, ಇನ್ನೊಂದು ಆದ್ಮೇಲೆ ತಟ್ತೀನಿ’ ಅನ್ನೋಳು. ಒಂದು ದಿನಾನೂ ತಪ್ಪಿಸ್ಲಿಲ್ಲ ಆಯಮ್ಮ. ನನ್ನ ಮಗಳನ್ನ ಬೆಳೆಸಿದ್ದು ನಾನಲ್ಲ, ಆ ಗೋಡೆ. ಆದ್ರೂ ನೋಡು, ಇವತ್ತಿಗೂ ಮಗಳು ಫೋನು ಇಡೋವಾಗ, ‘ನಾಳೆ ಎಷ್ಟೊತ್ತಿಗೆ ಮಾಡ್ತೀಯಮ್ಮ’ ಅಂತ ಕೇಳೇ ಇಡೋದು. ಒಂದು ನಿಮಿಷ ಹೆಚ್ಚುಕಮ್ಮಿಯಾದ್ರೆ ನನ್ನ ಕೈಕಾಲು ಆಡಲ್ಲ.”

ಹತ್ತು ನಿಮಿಷಕ್ಕೊಮ್ಮೆ ಎಣಿಸುವ ಆ ಬೆರಳು ಯಾರನ್ನು ಹುಡುಕುತ್ತಿತ್ತೆಂದು ಆಗ ಗೊತ್ತಾಯಿತು.

“ಹೆಂಗೂ ನಿನ್ನ ಕಾಲು ಒಂದು ಕಡೆ ನಿಲ್ಲಲ್ಲ,” ಎಂದಳು. “ಅದನ್ನ ಕೊಡು. ಇನ್ಮೇಲೆ ಗೋಡೆ ತಟ್ಟೋ ಕೆಲಸ ನಿಂದು.”

ವ್ಯವಸ್ಥೆ ಹೀಗಾಯಿತು. ಕೋಣೆಯ ಗಡಿಯಾರದಲ್ಲಿ ಹತ್ತು, ಹನ್ನೆರಡು, ಮೂರು, ಐದರ ಪಕ್ಕ ದೊಡ್ಡಮ್ಮ ನಾಲ್ಕು ಬಣ್ಣದ ಬಟ್ಟೆ ಚೂರು ಅಂಟಿಸಿದಳು. ಚಿಕ್ಕ ಮುಳ್ಳು ಚೂರಿನ ಮೇಲೆ ಬಂದಾಗ ನಾನು ಏಳನೇ ಮೆಷಿನ್ನಿನ ಕಡೆಯಿಂದ ಹಾದು ಬರಬೇಕು. ಕಾಲರಿನ ಅಂಚಿನಿಂದ ಕತ್ತರಿಸಿದ ಬೆರಳಗಲದ ತುಂಡಿಗೆ ಆಕೆ ಒಂದು ಗಂಟು ಹಾಕಿ ಕೊಡುತ್ತಾಳೆ. ಅದನ್ನು ತಂದು ಇನ್‌ಸ್ಪೆಕ್ಟ್ರಮ್ಮನಿಗೆ ಒಪ್ಪಿಸಿ, ಮತ್ತೆ ಯಾವ ಬಣ್ಣಕ್ಕೆ ಬರುತ್ತೇನೆಂದು ಹೇಳಿ ಹೋಗಬೇಕು. ಹೇಳದೆ ಹೋಗುವಂತಿಲ್ಲ, ಅದು ಕಟ್ಟಪ್ಪಣೆ. ಹೆಗಲ ಮೇಲೆ ನೀರಿನ ಕ್ಯಾನು ಇದ್ದುದರಿಂದ ಯಾರಿಗೂ ಸಂಶಯ ಬರುವಂತಿರಲಿಲ್ಲ.

ಮೊದಲ ತುಂಡನ್ನು ಮಗು ನನ್ನ ಮುಖದ ಮೇಲೆ ಎಸೆಯಿತು. ಎರಡನೆಯದನ್ನು ಮುಟ್ಟಲಿಲ್ಲ.

“ಆಗಲ್ಲ ದೊಡ್ಡಮ್ಮ. ಅಮ್ಮ ಕಾಣೋದೇ ಬೇರೆ, ಚಿಂದಿ ಬಟ್ಟೇನೇ ಬೇರೆ.”

“ಬಟ್ಟೆ ಯಾರಿಗೆ ಬೇಕೋ? ನೀನು ಹೇಳಿದ ಹೊತ್ತಿಗೆ ಬರ್ತೀಯೋ ಇಲ್ವೋ ಅಂತ ನೋಡ್ತಿದಾಳೆ. ನಾಲ್ಕು ದಿನ ಬಾ, ಆಮೇಲೆ ಮಾತಾಡು.”

ಬಂದೆ. ಜೀವಮಾನದಲ್ಲಿ ನಾನು ಹೊತ್ತಿಗೆ ಸರಿಯಾಗಿ ಮಾಡಿದ ಮೊದಲ ಕೆಲಸ ಅದು. ಅಂಗಿ ಜೇಬಿನಲ್ಲಿ ತುಂಡು, ಕಣ್ಣು ಗಡಿಯಾರದಲ್ಲಿ. ಬಚ್ಚಲಿಗೆ ಹೋದರೂ ಹನ್ನೆರಡಾಯಿತೇನೋ ಎಂಬ ದಿಗಿಲು. ಐದನೇ ದಿನ ಮಗು ತುಂಡು ತೆಗೆದುಕೊಂಡಿತು. ಆರನೇ ದಿನ ಅದನ್ನು ಮುಷ್ಟಿಯಲ್ಲಿ ಹಿಡಿದು ಅರ್ಧ ತಟ್ಟೆ ಉಂಡಿತು. ಎಂಟನೇ ದಿನ, “ನೀರ್ ಮಾಮ, ಕೆಂಪಿಗೆ ಬಾ,” ಎಂದಿತು. ಅವಳು ನನ್ನೊಡನೆ ಆಡಿದ ಮೊದಲ ಮಾತು, ಅದೂ ಅಪ್ಪಣೆ. ಕೆಂಪು ಎಂದರೆ ಮೂರು ಗಂಟೆ. ಅಂದು ದೊಡ್ಡಮ್ಮ ಹೊಸ ಗೀರು ಹಾಕಿದಳು, ಗೇಣುದ್ದದ್ದು.

ಹನ್ನೊಂದನೇ ದಿನ ಎರಡೂಮುಕ್ಕಾಲಿಗೆ ಸ್ಟಾಪ್‌ವಾಚ್ ಸಾರ್ ಮೀಟಿಂಗಿಗೆ ಕರೆದರು. ಎಂಟು ಜನರ ಮುಂದೆ ನನ್ನ ಫಾರಮ್ಮು ಎತ್ತಿ ಹಿಡಿದು, “ಇಂಥ ಸೂಕ್ಷ್ಮ ಗಮನ ಎಲ್ಲರಿಗೂ ಬರಬೇಕು,” ಎಂದರು. ಯಾವ ಲೈನಿನಲ್ಲಿ ಯಾರು ಎಷ್ಟು ಸಲ ತಲೆಯೆತ್ತುತ್ತಾರೆ ಎಂದು ತಿಂಗಳಿಗೊಂದು ವರದಿ ನಾನೇ ಕೊಡಬೇಕಂತೆ. ಹುದ್ದೆಯ ಹೆಸರಿಗೆ ಇನ್ನೂ ಒಂದು ಪದ ಸೇರುವ ಸಾಧ್ಯತೆಯಿತ್ತು. ನಾನು ಅವರ ತಲೆಯ ಮೇಲಿನ ಗಡಿಯಾರ ನೋಡುತ್ತಿದ್ದೆ. ಮೂರು. ಮೂರು ದಾಟಿ ಎರಡು ನಿಮಿಷ. ಮೇಜಿನ ಕೆಳಗೆ ಕಾಲು ತಾಳ ಹಾಕತೊಡಗಿತು. ಮೂರೂ ಐದು. ಪಕ್ಕದವರು ನನ್ನ ಮೊಣಕಾಲು ಒತ್ತಿ ಹಿಡಿದರು. ಮಗು ಆ ಬಟ್ಟೆ ಚೂರನ್ನೇ ನೋಡುತ್ತ ಕುಕ್ಕರುಗಾಲಿನಲ್ಲಿ ಕೂತಿರುವುದು ಕಣ್ಣಿಗೆ ಕಟ್ಟಿತು. ಹತ್ತು ದಿನ ಕಟ್ಟಿದ್ದನ್ನು ಐದು ನಿಮಿಷದಲ್ಲಿ ಕೆಡವುತ್ತಿದ್ದೆ. ಮೊದಲೊಮ್ಮೆ ಕೆಡವಿದವನೂ ನಾನೇ.

ಎದ್ದು ನಿಂತೆ. “ಸಾರ್, ಆ ವರದಿ ನನ್ನ ಕೈಲಾಗಲ್ಲ. ಬರ್ತೀನಿ.”

“ಎಲ್ಲಿಗ್ರೀ?”

“ನೀರು ಖಾಲಿಯಾಗಿದೆ ಸಾರ್.”

ಇದಕ್ಕಿಂತ ಒಳ್ಳೆಯ ಮಾತು ಹೊಳೆಯಲಿಲ್ಲ. ಮಾರನೆಯ ದಿನ ಮೆಮೊ ಬಂತು. ಅದರ ಹಿಂಬದಿ ಖಾಲಿಯಿದ್ದುದರಿಂದ ದೊಡ್ಡಮ್ಮ ಮಕ್ಕಳಿಗೆ ಬರೆಯಲು ಕೊಟ್ಟಳು. ಈಗ ಅದರ ಮೇಲೊಂದು ಆನೆಯಿದೆ, ಅಥವಾ ಹೊಲಿಗೆ ಮೆಷಿನ್ನು.

ಮೀಟಿಂಗಿನಿಂದ ಹೊರಬಿದ್ದವನು ಮೆಟ್ಟಿಲು ಎರಡೆರಡು ಹಾರಿ ಹಾಲಿಗೆ ಬಂದೆ. ಏಳನೇ ಮೆಷಿನ್ನಿನಾಕೆಯ ಮುಖದಲ್ಲಿ ರಕ್ತವಿರಲಿಲ್ಲ.

“ಎಲ್ಲಿ ಹೋಗಿದ್ರಣ್ಣ? ಅವಳು...”

“ಕೊಡಿ ಅಕ್ಕ, ಬೇಗ ಕೊಡಿ.”

ಮಕ್ಕಳ ರೂಮಿನ ಬಾಗಿಲು ತಳ್ಳಿದಾಗ ಮೂರೂ ಹನ್ನೊಂದು. ಒಳಗಿನಿಂದ ದೊಡ್ಡ ಅಳು. ಆದರೆ ಅಳುತ್ತಿದ್ದುದು ಅವಳಲ್ಲ. ಆ ವಾರವಷ್ಟೇ ಸೇರಿದ, ಎರಡು ವರ್ಷವೂ ತುಂಬದ ಪುಟ್ಟದೊಂದು. ಗಡಿಯಾರದ ಕೆಳಗೆ ಅದರ ಪಕ್ಕದಲ್ಲಿ ಇನ್‌ಸ್ಪೆಕ್ಟ್ರಮ್ಮ ನಿಂತಿದ್ದಳು. ಅವಳ ತುಟಿಯೂ ನಡುಗುತ್ತಿತ್ತು. ಒಂದು ಕೈಯಲ್ಲಿ ಹನ್ನೆರಡು ಗಂಟೆಯ ಗಂಟು, ಇನ್ನೊಂದರಲ್ಲಿ ಪುಟ್ಟದರ ಮಣಿಕಟ್ಟು.

“ಅಳಬಾರ್ದು. ನೀರ್ ಮಾಮ ಲೇಟು,” ಎನ್ನುತ್ತಿದ್ದಳು. “ಲೇಟು ಅಷ್ಟೇ. ಬರ್ತಾನೆ.”

ದೊಡ್ಡಮ್ಮ ನನ್ನನ್ನು ಮೊದಲೇ ನೋಡಿದ್ದಳು. ಎಣಿಸುವ ಬೆರಳು ಗಾಳಿಯಲ್ಲೇ ನಿಂತುಹೋಗಿತ್ತು.

ಇನ್‌ಸ್ಪೆಕ್ಟ್ರಮ್ಮ ತಿರುಗಿದಳು. ನಗಲಿಲ್ಲ, ಓಡಿ ಬರಲಿಲ್ಲ. ಕೈ ಚಾಚಿದಳು. ತುಂಡು ಕೊಟ್ಟೆ. ಗಂಟು ಇದೆಯೇ ಎಂದು ಪರೀಕ್ಷಿಸಿದಳು. ಆಮೇಲೆ ಅಳುತ್ತಿದ್ದ ಪುಟ್ಟದನ್ನು ನೋಡಿ, ನನ್ನ ಖಾಲಿ ಕೈಗಳನ್ನು ನೋಡಿ, ಹುಬ್ಬು ಗಂಟಿಕ್ಕಿದಳು.

“ಪಾಪುಂದು ಎಲ್ಲಿ?”

“ಯಾವುದು?”

“ಪಾಪು ಅಮ್ಮಂದು. ತಗೊಂಬಾ.”

ಪಾಪುವಿನ ಅಮ್ಮ ಎಂಟನೇ ಲೈನು, ಹಾಲಿನ ಆ ತುದಿ. ನಾನು ದೊಡ್ಡಮ್ಮನ ಮುಖ ನೋಡಿದೆ.

“ನನ್ನನ್ನೇನು ನೋಡ್ತೀಯಾ? ಅಪ್ಪಣೆ ಆಯ್ತಲ್ಲ,” ಎಂದು ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು. ಬಹಳ ಹೊತ್ತು ಒರೆಸಿದಳು.

ಮೂಲೆಯ ಖಾಲಿ ಕ್ಯಾನು ಎತ್ತಿಕೊಂಡು ಬಾಗಿಲು ದಾಟಿದ್ದೆನಷ್ಟೇ, ಹಿಂದಿನಿಂದ ಕೂಗು ಬಂತು.

“ನೀರ್ ಮಾಮ! ಹೇಳಿ ಹೋಗು!”

ತಿರುಗಿ ಬಂದು, ಬಗ್ಗಿ, ಪಾಪುವಿನ ಮುಖಕ್ಕೆ ನೇರವಾಗಿ ಹೇಳಿದೆ, ಉದ್ದ ಮುಳ್ಳು ಎಲ್ಲಿಗೆ ಬಂದಾಗ ಬರುತ್ತೇನೆಂದು ಬೆರಳಿನಿಂದ ತೋರಿಸಿ. ಇನ್‌ಸ್ಪೆಕ್ಟ್ರಮ್ಮ ಇನ್ನೊಂದು ಸಲ ಹೇಳಿಸಿದಳು. ಆಮೇಲೆ ಹೋಗಲು ಬಿಟ್ಟಳು.